ಸಹಿ ನಮ್ಮದು, ಲಾಭ ಅವರದು, ನೋಟಿಸು ನಮ್ಮ ಮನೆಗೆ



"ಗುತ್ತಿಗೆಯಲ್ಲೂ ಮೀಸಲಾತಿ ಕೊಟ್ಟಾಯ್ತು, ಇವರಿಗೆ ಇನ್ನೇನು ಬೇಕಂತೆ?" ಅಂತ ಮೂದಲಿಸುವವರಿಗೆ ಒಂದಿಷ್ಟು ಲೆಕ್ಕ ಹೇಳಬೇಕಿದೆ.

ಇದು ಯಾರೂ ಕೊಟ್ಟ ಭಿಕ್ಷೆ ಅಲ್ಲ. 1942ರಲ್ಲೇ ಬಾಬಾಸಾಹೇಬರು ವೈಸರಾಯ್‌ಗೆ ಕೊಟ್ಟ ಮನವಿಯಲ್ಲಿ ಸರ್ಕಾರಿ ಗುತ್ತಿಗೆಯಲ್ಲಿ ನಮ್ಮ ಪಾಲು ಕೇಳಿದ್ದರು. ಕರ್ನಾಟಕದಲ್ಲಿ ಅದು ಕೆಟಿಪಿಪಿ ಕಾಯ್ದೆಯ ತಿದ್ದುಪಡಿಯಾಗಿ ಬರೋಕೆ 70 ವರ್ಷ ದಾಟಿತು. ಎಸ್‌ಸಿಗೆ ಶೇ. 17.15, ಎಸ್‌ಟಿಗೆ ಶೇ. 6.95. ಮೊದಲು 50 ಲಕ್ಷದವರೆಗಿನ ಕಾಮಗಾರಿ, 2023ರಲ್ಲಿ 1 ಕೋಟಿವರೆಗೆ.

ಕಾಗದದಲ್ಲಿ ಸರಿ. ನೆಲದ ಮೇಲೆ? ಎಷ್ಟೋ ಕಡೆ ಟೆಂಡರ್ ನಮ್ಮ ಹುಡುಗನ ಹೆಸರಲ್ಲಿ, ಕೆಲಸ ಊರಿನ ದೊಡ್ಡ ಕಂಟ್ರಾಕ್ಟರ್‌ದು. "ನೀನು ಸಹಿ ಹಾಕು ಸಾಕು, ಪರ್ಸೆಂಟೇಜ್ ಕೊಡ್ತೀನಿ." ಆ ಸಹಿಯ ಬೆಲೆ ಗೊತ್ತಾ? ಹಾಕಿದ ರಸ್ತೆ ನಿರ್ವಹಣಾ ಅವಧಿಯಲ್ಲೇ ಕಿತ್ತುಹೋದರೆ ರಿಪೇರಿ ಹುಡುಗನ ತಲೆಗೆ. ಮುಟ್ಟುಗೋಲಾಗೋ ಠೇವಣಿ ಅವನ ಹೆಸರಿನದು. ಜಿಎಸ್‌ಟಿ ನೋಟಿಸು ಅವನ ಬಾಗಿಲಿಗೆ. ಕಪ್ಪುಪಟ್ಟಿಗೆ ಹೋಗೋದು ಅವನ ಲೈಸೆನ್ಸು. ದೊಡ್ಡವರು ಅಷ್ಟೊತ್ತಿಗೆ ಇನ್ನೊಂದು ಹೆಸರು ಹುಡುಕಿರ್ತಾರೆ!

ಸ್ವಂತವಾಗಿ ಕೆಲಸ ಮಾಡುವವರ ಪಾಡೂ ಅಷ್ಟೇ. ಬಡ್ಡಿಗೆ ಸಾಲ ತಂದು, ಹೆಂಡತಿ ಒಡವೆ ಅಡವಿಟ್ಟು ಜಲ್ಲಿ, ಸಿಮೆಂಟು ಹಾಕಿಸ್ತಾರೆ. ಬಿಲ್ಲು "ಅನುದಾನ ಬಂದಿಲ್ಲ" ಅಂತ ಕೂತಿರುತ್ತೆ. ನಾಲ್ಕು ಕಾಮಗಾರಿ ಇರುವವನು ಒಂದರ ಹಣದಲ್ಲಿ ಇನ್ನೊಂದು ತೂಗಿಸ್ತಾನೆ. ಒಂದೇ ಕಾಮಗಾರಿ ಇರುವವನು ಬಡ್ಡಿಯಲ್ಲೇ ಮುಳುಗ್ತಾನೆ. ಹೊಣೆಯೆಲ್ಲ ಬಡವನ ಮೇಲೆ ಹೊರಿಸಿ "ಅವಕಾಶ ಕೊಟ್ಟಿದ್ದೀವಿ" ಅನ್ನೋದು ಯಾವ ನ್ಯಾಯ?

ಗುಮಾಸ್ತನಾಗಿ ನಮ್ಮ ಹುಡುಗರಿಗೆ ಒಂದು ಮಾತು: ಫೈಲಿನಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ. "ಸಾಹೇಬ್ರು ಬಾಯಲ್ಲಿ ಹೇಳಿದ್ರು" ಅಂತ ಹೆಚ್ಚುವರಿ ಚರಂಡಿ ಕಟ್ಟಬೇಡಿ, ಲಿಖಿತ ಆದೇಶ ಕೇಳಿ. ಕರಾರಿನ ಪ್ರತಿ ಕೈಗೆ ತಗೊಂಡು ಓದಿ. ಎಂಬಿ ಪುಸ್ತಕದಲ್ಲಿ ಅಳತೆ ನೋಡಿಯೇ ಸಹಿ ಮಾಡಿ. ಬಾಕಿ ಹಣಕ್ಕೆ ದಾವೆ ಹೂಡೋಕೆ ಸಾಮಾನ್ಯವಾಗಿ 3 ವರ್ಷವಷ್ಟೇ ಕಾಲಮಿತಿ. ಬರೀ ಅಲೆದಾಟದಲ್ಲಿ ಅದನ್ನ ಕಳೀಬೇಡಿ.

ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ: ಮೀಸಲು ಕಾಮಗಾರಿಗೆ ಹಣ ತೆಗೆದಿಟ್ಟ ಮೇಲೇ ಟೆಂಡರ್ ಕರೆಯಿರಿ. ಬಿಲ್ಲು ತಡವಾದರೆ ಬಡ್ಡಿ ಕೊಡಿ. ಬೇನಾಮಿ ಸಿಕ್ಕರೆ ಸಹಿ ಹಾಕಿದವನನ್ನಷ್ಟೇ ಅಲ್ಲ, ಹಿಂದೆ ನಿಂತು ಲಾಭ ತಿಂದವನನ್ನೂ ಕಪ್ಪುಪಟ್ಟಿಗೆ ಸೇರಿಸಿ.

ನಾವು ಕೇಳಿದ್ದು ಕೆಲಸ. ಹೆಬ್ಬೆಟ್ಟು ಬಾಡಿಗೆಗೆ ಕೊಡೋ ಅವಕಾಶವನ್ನಲ್ಲ.

ಜೈ ಭೀಮ್.