ರುಚಿ ನೋಡುವ ನಾಲಿಗೆ ಯಾರದು?

ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಕತ್ತೆಯಂತೂ ಕಟ್ಟಿರಲಾರದು. ಕಸ್ತೂರಿಯ ಮೂಟೆಯನ್ನು ಬೆನ್ನಮೇಲೆ ಹೊತ್ತು ಘಟ್ಟ ಇಳಿಸಿದ್ದು ಆ ಕತ್ತೆಯೇ ಎಂಬ ಮಾತನ್ನು ಗಾದೆ ಹೇಳುವ ಮಹನೀಯರು ಎಂದೂ ಹೇಳುವುದಿಲ್ಲ.

ಇತ್ತಿತ್ತಲಾಗಿ ನಮ್ಮ ಕೊಡಗಿನಲ್ಲಿ ಒಂದು ಹೊಸ ವೈಭವ ನಡೆದಿದೆ. ತೋಟದ ಬಂಗಲೆಯ ಜಗಲಿಯಲ್ಲಿ ಐದಾರು ಪುಟ್ಟ ಬಟ್ಟಲುಗಳನ್ನು ಸಾಲಾಗಿ ಇಡುತ್ತಾರೆ. ಬೆಂಗಳೂರಿನಿಂದ ಬಂದ ಅತಿಥಿಗಳು ಒಂದೊಂದರಿಂದಲೂ ಒಂದೊಂದು ಚಮಚ ಸೊರ್ರೆಂದು ಹೀರುತ್ತಾರೆ. ಇದರಲ್ಲಿ ಮಲ್ಲಿಗೆ, ಅದರಲ್ಲಿ ಕಿತ್ತಳೆ ಸಿಪ್ಪೆ, ಮತ್ತೊಂದರಲ್ಲಿ ಜೇನು ಎಂದು ಕಾಗದದ ಮೇಲೆ ಅಂಕ ಬರೆಯುತ್ತಾರೆ. ಹೊರಡುವಾಗ 250 ಗ್ರಾಂ ಪೊಟ್ಟಣಕ್ಕೆ ಐನೂರು, ಆರುನೂರು ರೂಪಾಯಿ ತೆತ್ತು ಸಂತೋಷದಿಂದ ಹೋಗುತ್ತಾರೆ. ಅದೇ ಹೊತ್ತಿನಲ್ಲಿ ಜಗಲಿಯಿಂದ ನೂರು ಮಾರು ದೂರದ ಕಣದಲ್ಲಿ ಆ ಬೀಜವನ್ನು ಹರವುತ್ತಿರುವ ಹೆಂಗಸು ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಕುಡಿಯುತ್ತಿರುತ್ತಾಳೆ. ಅದು ಯಾವ ಪುಡಿ? ಸಂತೆಯಲ್ಲಿ ಸಿಕ್ಕುವ ಎಲ್ಲಕ್ಕಿಂತ ಅಗ್ಗದ ಪುಡಿ. ತಾನು ಬೆಳೆದುಕೊಟ್ಟ ಕಾಫಿಯ ರುಚಿ ಹೇಗಿದೆಯೆಂದು ಆಕೆಯನ್ನು ಕೇಳಿದವರಿಲ್ಲ.

ಇದನ್ನು ಕಂಡ ನಮ್ಮ ಮಿತ್ರರಲ್ಲಿ ಕೆಲವರು ಹೇಳುವುದುಂಟು: ರುಚಿ ನೋಡುವುದು ಹೊಟ್ಟೆ ತುಂಬಿದವರ ಚಟ, ದುಡಿಯುವವನಿಗೆ ಅದರಿಂದ ಆಗಬೇಕಾದ್ದೇನು? ಹಸಿವು ರುಚಿಯನ್ನರಿಯದು ಎಂದು ಹಿರಿಯರೇ ಹೇಳಿಲ್ಲವೇ? ಈ ಮಿತ್ರರೊಡನೆಯೇ ಇಂದು ನಮ್ಮ ಜಗಳ. ಹಸಿವು ರುಚಿಯನ್ನರಿಯದು ಎಂಬುದು ಹಸಿದವನ ಸಂಕಟದ ಮಾತು. ಅದನ್ನೇ ಹಸಿದವನ ಮೇಲೆ ಹೇರುವ ಕಾನೂನು ಮಾಡಿಕೊಂಡವರು ಹೊಟ್ಟೆ ತುಂಬಿದವರು. ನಾಲಿಗೆಯನ್ನು ಧಣಿಗಳಿಗೆ ಬಿಟ್ಟುಕೊಟ್ಟವನು ದರ್ಜೆಯನ್ನೂ ಬೆಲೆಯನ್ನೂ ಬಿಟ್ಟುಕೊಟ್ಟಂತೆಯೇ ಸರಿ. ಅದು ಹೇಗೆಂದು ನೋಡೋಣ.

ರುಚಿಯ ಅಂಕ ಎಲ್ಲಿಂದ ಬರುತ್ತದೆ?

‘ಸ್ಪೆಷಾಲ್ಟಿ ಕಾಫಿ’ ಎಂಬ ಮಾತನ್ನು 1974ರಲ್ಲಿ ಮೊದಲು ಬಳಕೆಗೆ ತಂದವಳು ಅಮೆರಿಕದ ಎರ್ನಾ ನಟ್ಸನ್ ಎಂಬ ಹೆಣ್ಣುಮಗಳು. ಆಕೆ ಕಾಫಿ ಆಮದು ಮಾಡುವ ಒಂದು ಕಂಪೆನಿಯಲ್ಲಿ ಕಾರ್ಯದರ್ಶಿಯಾಗಿದ್ದಳು. ರುಚಿ ನೋಡುವ ಕೋಣೆಯೊಳಕ್ಕೆ ಅವಳನ್ನು ಬಿಡಲು ಅಲ್ಲಿನ ಗಂಡಸರು ಒಪ್ಪಿರಲಿಲ್ಲ. ಹಟ ಹಿಡಿದು ಒಳಹೊಕ್ಕಳು, ಕಲಿತಳು. ಆ ಬಾಗಿಲು ಅಲ್ಲಿಯೂ ತಾನಾಗಿ ತೆರೆದದ್ದಲ್ಲ. ನಮ್ಮಲ್ಲಿ ಸುನಾಲಿನಿ ಮೆನನ್ ಅವರು ಕಾಫಿ ಬೋರ್ಡಿನ ನೌಕರಿಯಲ್ಲಿದ್ದುಕೊಂಡು ದಶಕಗಳ ಕಾಲ ರುಚಿ ನೋಡಿ ಜಗತ್ತೇ ಗೌರವಿಸುವ ಪರೀಕ್ಷಕರಾದರು. ಇದರಿಂದ ತಿಳಿಯಬೇಕಾದ್ದು ಇಷ್ಟೆ: ಈ ವಿದ್ಯೆ ಹುಟ್ಟಿನಿಂದ ಬರುವುದಲ್ಲ, ಅಭ್ಯಾಸದಿಂದ ಬರುವುದು.

ಅಂಕದ ಪದ್ಧತಿಯೂ ಮಹಾ ರಹಸ್ಯವೇನಲ್ಲ. 100ಕ್ಕೆ 80 ಮತ್ತು ಅದಕ್ಕೆ ಮೇಲೆ ಬಂದದ್ದು ಸ್ಪೆಷಾಲ್ಟಿ. ಪರಿಮಳ, ಹುಳಿ, ಸಿಹಿ, ಬಾಯಲ್ಲಿ ತುಂಬುವ ಗಟ್ಟಿತನ, ನುಂಗಿದ ಮೇಲೆ ಉಳಿಯುವ ರುಚಿ ಇವುಗಳಿಗೆ ಅಂಕ. ಬೂಷ್ಟು, ಮಣ್ಣು, ಹೊಗೆ, ಕೊಳೆತ ವಾಸನೆ ಇವುಗಳಿಗೆ ದಂಡ.

ಈಗ ಆ ದಂಡಗಳನ್ನೇ ಒಂದೊಂದಾಗಿ ಹಿಡಿದು ಹಿಂದಕ್ಕೆ ನಡೆಯಿರಿ. ಮಣ್ಣಿನ ವಾಸನೆ ಬಂದದ್ದು ಮಣ್ಣಿನ ಕಣದಲ್ಲಿ ಒಣಗಿಸಿದ್ದರಿಂದ. ಬೂಷ್ಟು ಹಿಡಿದದ್ದು ಸರಿಯಾಗಿ ಒಣಗುವ ಮೊದಲೇ ಚೀಲಕ್ಕೆ ತುಂಬಿದ್ದರಿಂದ. ಹಸಿ ಹಸಿ ಒಗರು ಬಂದದ್ದು ಕಾಯಿ ಕಿತ್ತದ್ದರಿಂದ. ಕೊಳೆತ ಹುಳಿ ಬಂದದ್ದು ಹಣ್ಣು ಕೊಯ್ದ ದಿನವೇ ಪಲ್ಪಿಂಗ್ ಆಗದೆ ರಾಶಿಯಲ್ಲಿ ಕುದಿದದ್ದರಿಂದ. ಹಾಗಾದರೆ ಒಳ್ಳೆಯ ರುಚಿ ಬಂದದ್ದು ಎಲ್ಲಿಂದ? ಭೂಮಿಯಿಂದ, ನೆರಳಿನಿಂದ, ಎತ್ತರದಿಂದ ಎಂದು ಪೊಟ್ಟಣದ ಮೇಲೆ ಅಚ್ಚುಹಾಕಿಸುತ್ತಾರೆ. ಅದು ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧ ಕೊಯ್ದವಳ ಬೆರಳಿನಿಂದ, ಕಣದಲ್ಲಿ ಕಾಲಾಡಿಸಿದವನಿಂದ, ಕ್ಯೂರಿಂಗ್ ಮಿಲ್ಲಿನಲ್ಲಿ ಕಪ್ಪು ಬೀಜ ಆರಿಸಿದವರಿಂದ. 2019ರಲ್ಲಿ ‘ಕೂರ್ಗ್ ಅರೇಬಿಕಾ’ಕ್ಕೆ ಸರ್ಕಾರದ ಭೌಗೋಳಿಕ ಗುರುತು ದೊರೆಯಿತು. ಸಂತೋಷ. ಮಣ್ಣಿಗೆ ಹೆಸರು ಬಂತು. ಕೈಗೆ ಬರಲಿಲ್ಲ.

ಕಿಲೋ ಲೆಕ್ಕದ ಮೋಸ

ಕಾಫಿ ಗಿಡ ಬಲ್ಲವರಿಗೆ ಗೊತ್ತು. ಒಂದೇ ರೆಂಬೆಯಲ್ಲಿ ಕೆಂಪು ಹಣ್ಣು, ಹಳದಿ ದೋರೆ, ಹಸಿರು ಕಾಯಿ ಒಟ್ಟಿಗೇ ಇರುತ್ತವೆ. ಬರೀ ಕೆಂಪನ್ನು ಆರಿಸಿ ಕೊಯ್ಯಬೇಕಾದರೆ ಒಂದೊಂದು ಗಿಡಕ್ಕೆ ಮೂರು ನಾಲ್ಕು ಸಲ ಬರಬೇಕು. ಸ್ಪೆಷಾಲ್ಟಿಯ ಮೊದಲ ಷರತ್ತೇ ಇದು. ಆದರೆ ಕೊಯ್ಲಿನ ಕೂಲಿಯನ್ನು ಹಲವು ತೋಟಗಳಲ್ಲಿ ಲೆಕ್ಕಹಾಕುವುದು ಕಿಲೋಗೆ ಇಷ್ಟು ಎಂದು. ರೆಂಬೆಯನ್ನು ಹಿಡಿದು ಕಾಯಿ ಹಣ್ಣು ಒಟ್ಟಿಗೆ ಉಜ್ಜಿ ಎಳೆದವಳ ಚೀಲ ಬೇಗ ತುಂಬುತ್ತದೆ. ಒಂದೊಂದನ್ನೇ ನೋಡಿ ಆರಿಸಿದವಳ ಚೀಲ ಸಂಜೆಯಾದರೂ ಅರೆಯಾಗಿಯೇ ಇರುತ್ತದೆ. ಅಂದರೆ ಬಟ್ಟಲಿನಲ್ಲಿ ಮಲ್ಲಿಗೆ ಪರಿಮಳ ಬರುವಂತೆ ಮಾಡಿದವಳಿಗೆ ಕಡಿಮೆ ಕೂಲಿ! ರುಚಿಗೆ ಅಂಕ ಕೊಡುವ ಈ ವ್ಯವಸ್ಥೆಯು ರುಚಿಯನ್ನು ತಯಾರಿಸಿದವಳಿಗೆ ದಂಡ ಹಾಕುತ್ತದೆ. ಕೆಲವು ತೋಟದವರು ಆರಿಸಿ ಕೊಯ್ದದ್ದಕ್ಕೆ ಹೆಚ್ಚು ದರ ಕೊಡುವುದುಂಟು. ಅವರಿಗೆ ನಮಸ್ಕಾರ. ಆದರೆ ಅದು ಅವರ ಔದಾರ್ಯವಾಗಿ ಉಳಿಯಬಾರದು, ಕೊಯ್ದವಳ ಹಕ್ಕಾಗಬೇಕು.

ಒಂದು ಲೆಕ್ಕ ಹೇಳುತ್ತೇವೆ, ನೀವೇ ಮುಗಿಸಿರಿ. ಒಂದು ಕಿಲೋ ಅರೇಬಿಕಾ ಬೀಜಕ್ಕೆ ಸುಮಾರು ಆರು ಕಿಲೋ ಹಣ್ಣು ಬೇಕು. ಹುರಿದಾಗ ತೂಕದಲ್ಲಿ ನೂರಕ್ಕೆ ಹದಿನೈದರಷ್ಟು ಹೋಗುತ್ತದೆ. ಹಾಗಾದರೆ ಆ 250 ಗ್ರಾಂ ಪೊಟ್ಟಣದಲ್ಲಿರುವುದು ಎರಡು ಕಿಲೋಗೆ ತುಸು ಕಡಿಮೆ ಹಣ್ಣು. ನಿಮ್ಮ ಪಕ್ಕದ ತೋಟದ ಲೈನಿಗೆ ಹೋಗಿ ಕಿಲೋ ಹಣ್ಣಿಗೆ ಕೊಯ್ಲಿನ ದರ ಎಷ್ಟೆಂದು ಕೇಳಿರಿ. ಎರಡರಿಂದ ಗುಣಿಸಿರಿ. ಐನೂರು ರೂಪಾಯಿಯ ಪಕ್ಕದಲ್ಲಿ ಆ ಅಂಕಿಯನ್ನು ಬರೆದು ನೋಡಿರಿ. ಮುಂದೆ ನಾವು ಭಾಷಣ ಮಾಡುವ ಅಗತ್ಯವಿಲ್ಲ.

ಸಣ್ಣ ಬೆಳೆಗಾರನ ಗತಿ

ಇದು ಕೂಲಿಯವರ ಮಾತು ಮಾತ್ರವಲ್ಲ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಸಣ್ಣ ಬೆಳೆಗಾರರವು. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಡಗಿನದು, ಅದರಲ್ಲಿ ಹೆಚ್ಚಿನದು ರೋಬಸ್ಟಾ. ಎರಡು ಎಕರೆಯ ರೋಬಸ್ಟಾ ಬೆಳೆಗಾರ ಒಣಗಿಸಿದ ಚೆರ್ರಿಯನ್ನು 50 ಕಿಲೋ ಚೀಲದಲ್ಲಿ ತುಂಬಿ ಒಯ್ಯುತ್ತಾನೆ. ವ್ಯಾಪಾರಿ ಏನು ನೋಡುತ್ತಾನೆ? ತೇವ ಎಷ್ಟಿದೆ, ಔಟ್ ಟರ್ನ್ ಎಷ್ಟು ಬರುತ್ತದೆ, ಅಂದರೆ ಚೀಲಕ್ಕೆ ಎಷ್ಟು ಕಿಲೋ ಬೀಜ ಇಳಿಯುತ್ತದೆ. 26 ಇಳಿದರೆ 26ರ ಬೆಲೆ. ಅದರ ರುಚಿಯನ್ನು ನೋಡುವುದಿಲ್ಲ. ಹಣ್ಣು ಆರಿಸಿ, ಕಸ ತೆಗೆದು, ಕಣ ಗುಡಿಸಿ ಒಣಗಿಸಿದವನಿಗೂ ಬೂಷ್ಟು ಹಿಡಿಸಿದವನಿಗೂ ಒಂದೇ ತಕ್ಕಡಿ. ಬಳಿಕ ಆ ರಾಶಿಯಲ್ಲಿ ಒಳ್ಳೆಯದನ್ನು ಬೇರ್ಪಡಿಸಿ, ರುಚಿ ನೋಡಿಸಿ, ಹೆಸರಿಟ್ಟು ಮಾರುವವನು ಬೇರೆ. ಮೇಲ್ಬೆಲೆಯೂ ಅವನಿಗೇ.

1942ರ ಕಾನೂನಿನ ಪ್ರಕಾರ ಕಾಫಿ ಬೋರ್ಡು ನಡೆಸುತ್ತಿದ್ದ ಪೂಲ್ ಪದ್ಧತಿ 1992ರಿಂದ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮುಗಿಯಿತು. ಪೂಲನ್ನು ಹೊಗಳುವ ಚಪಲ ನಮಗಿಲ್ಲ. ಅಲ್ಲಿಯೂ ಒಳ್ಳೆಯ ಕಾಫಿ ದೊಡ್ಡ ರಾಶಿಯಲ್ಲಿ ಕರಗಿಹೋಗುತ್ತಿತ್ತು, ಬೆಳೆಗಾರ ಕಂತಿನ ಹಣಕ್ಕೆ ಕಾಯುತ್ತಿದ್ದ. ಆದರೆ ಮುಕ್ತ ಮಾರುಕಟ್ಟೆ ಬಂದರೆ ಗುಣಕ್ಕೆ ತಕ್ಕ ಬೆಲೆ ಎಂದರಲ್ಲ, ಆ ಗುಣವನ್ನು ಅಳೆಯುವ ಚಮಚ ಯಾರ ಕೈಯಲ್ಲಿದೆ? ರುಚಿ ಹೇಳಬಲ್ಲ ಬೆಳೆಗಾರ ಚೌಕಾಸಿ ಮಾಡಬಲ್ಲ. ಹೇಳಲಾರದವನು ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಾನೆ.

ನಮ್ಮ ಲೋಟದಲ್ಲಿ ಏನಿದೆ?

ಈಗ ಕುಡಿಯುವವರ ಕಡೆಗೆ ಬರೋಣ. ಕುಶಾಲನಗರದ ಕೂಡ್ಲೂರಿನಲ್ಲಾಗಲಿ, ಹುಣಸೂರಿನಲ್ಲಾಗಲಿ ಕ್ಯೂರಿಂಗ್ ಮಿಲ್ಲಿನಲ್ಲಿ ದುಡಿಯುವವರಿಗೆ ಜರಡಿಯ ಮರ್ಮ ಗೊತ್ತು. ದಪ್ಪ ಬೀಜ ಒಂದು ಕಡೆ, ಪೀಬೆರಿ ಒಂದು ಕಡೆ. ಕಪ್ಪು, ಕಂದು, ಚೂರು ಸೇರಿ ಕಟ್ಟಕಡೆಯ ದರ್ಜೆ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತುತ್ತದೆ. ಅಗ್ಗದ ಪುಡಿಯೊಳಗೆ ಆ ಕಟ್ಟಕಡೆಯ ಚೀಲವೂ ಸೇರುತ್ತದೆಂಬುದು ಮಿಲ್ಲಿನವರಿಗೆ ಹೊಸ ಸುದ್ದಿಯಲ್ಲ. ಅದರ ಮೇಲೆ ಚಿಕೋರಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ 100ಕ್ಕೆ ಕನಿಷ್ಠ 51 ಪಾಲು ಕಾಫಿ ಇರಬೇಕು, ಚಿಕೋರಿ ಎಷ್ಟೆಂದು ಪೊಟ್ಟಣದ ಮೇಲೆ ನಮೂದಿಸಬೇಕು ಎಂದು ಕಾನೂನಿದೆ. 49ರವರೆಗೆ ಬೇರಿನ ಪುಡಿ ಬೆರೆಸಲು ಪರವಾನಗಿ ಇದೆಯೆಂದೂ ಅದನ್ನೇ ಓದಬಹುದು! ಚಿಕೋರಿ ವಿಷವಲ್ಲ, ಅದರ ಕಹಿಯನ್ನೂ ಬಣ್ಣವನ್ನೂ ಮೆಚ್ಚುವವರು ಬಹಳ. ಮೆಚ್ಚಿ ಕುಡಿಯಲಿ. ಆದರೆ ಬೇರನ್ನು ಕಾಫಿಯ ಬೆಲೆಗೆ ಕೊಳ್ಳಬಾರದು. 2024ರ ಸೆಪ್ಟೆಂಬರಿನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರನ್ನು ದಾಟಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರನ್ನು ದಾಟಿತು. ಬೀಜದ ದರ ಹೀಗೆ ಏರಿದಾಗ ಬೇರನ್ನು ಹೆಚ್ಚು ಬೆರೆಸುವ ಆಸೆ ಯಾರಿಗೆ ಹುಟ್ಟದು? ಅದನ್ನು ಹಿಡಿಯುವ ಇನ್‌ಸ್ಪೆಕ್ಟರು ನಿಮ್ಮ ಬಾಯಲ್ಲೇ ಇದ್ದಾನೆ. ಅವನಿಗೆ ಕೆಲಸ ಕೊಡಿರಿ.

ಮನೆಯಲ್ಲೇ ಪರೀಕ್ಷೆ

ಮೊದಲು ತಣ್ಣೀರಿನ ಪರೀಕ್ಷೆ. ಗಾಜಿನ ಲೋಟದ ತುಂಬ ತಣ್ಣೀರು ಹಿಡಿದು ಮೇಲೆ ಒಂದು ಚಮಚ ಪುಡಿ ಉದುರಿಸಿರಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಬಣ್ಣದ ಗೆರೆ ಬಿಡುತ್ತ ಕೆಲವೇ ಕ್ಷಣದಲ್ಲಿ ತಳಕ್ಕೆ ಇಳಿಯುತ್ತದೆ. ಶುದ್ಧ ಕಾಫಿ ಎಂದು ಕೊಟ್ಟದ್ದು ಹೀಗೆ ಗೆರೆ ಬಿಟ್ಟರೆ ಲೋಟವನ್ನು ಅಂಗಡಿಗೇ ತೆಗೆದುಕೊಂಡು ಹೋಗಿರಿ.

ಬಳಿಕ ರುಚಿ. ಮೂರು ಬಗೆಯ ಪುಡಿ ನೂರು ನೂರು ಗ್ರಾಂ ತನ್ನಿರಿ: ಬರೀ ಅರೇಬಿಕಾ ಒಂದು, ಬರೀ ರೋಬಸ್ಟಾ ಒಂದು, ನೀವು ದಿನಾ ಕುಡಿಯುವ ಮಿಶ್ರಣ ಒಂದು. ಅಕ್ಕಪಕ್ಕದ ಎರಡು ಮನೆಯವರು ಕೂಡಿಕೊಂಡರೆ ಖರ್ಚು ಹಗುರ. ಒಂದೇ ಅಳತೆಯ ಮೂರು ಲೋಟಗಳ ತಳದಲ್ಲಿ ಗುರುತು ಬರೆದಿಡಿ. ಪ್ರತಿಯೊಂದಕ್ಕೂ ಸಮ ತೂಕದ ಪುಡಿ. ಬೋರ್ಡಿನವರ ಅಳತೆಗೆ ಹತ್ತಿರ ಬೇಕಾದರೆ 150 ಮಿಲಿಲೀಟರ್ ನೀರಿಗೆ ಎಂಟು ಗ್ರಾಂ. ನೀರು ಕುದಿದ ಮೇಲೆ ಅರೆ ನಿಮಿಷ ಬಿಟ್ಟು ಸುರಿಯಿರಿ. ನಾಲ್ಕು ನಿಮಿಷ ಮುಟ್ಟಬೇಡಿ. ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಮೂಗನ್ನು ಹತ್ತಿರ ಒಯ್ಯಿರಿ. ಪರಿಮಳ ತಿಳಿಯುವುದು ಆಗಲೇ. ನೊರೆ ತೆಗೆದುಹಾಕಿ, ತುಸು ಆರಲು ಬಿಟ್ಟು, ಸಕ್ಕರೆ ಹಾಲು ಹಾಕದೆ ಒಂದೊಂದು ಚಮಚ ಸದ್ದು ಮಾಡಿಯೇ ಹೀರಿರಿ. ಮಕ್ಕಳಿಗೆ ಬೈಯುವ ಆ ಸದ್ದು ಇಲ್ಲಿ ವಿದ್ಯೆ. ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿರಿ. ಬಿಸಿಯಲ್ಲಿ ಅಡಗಿದ ದೋಷ ತಣ್ಣಗಾದಾಗ ಬಯಲಾಗುತ್ತದೆ.

ಅರೇಬಿಕಾದಲ್ಲಿ ಹಣ್ಣಿನ ಹುಳಿ, ಪರಿಮಳ. ರೋಬಸ್ಟಾದಲ್ಲಿ ಗಟ್ಟಿತನ, ಕಹಿ. ಕೆಫೀನ್ ಹತ್ತಿರ ಹತ್ತಿರ ಎರಡರಷ್ಟು. ರೋಬಸ್ಟಾ ಎಂದರೆ ಕೀಳು ಎಂಬ ಮಾತನ್ನು ನಂಬಬೇಡಿ. ಚೆನ್ನಾಗಿ ಕೊಯ್ದು, ತೊಳೆದು, ಒಣಗಿಸಿದ ರೋಬಸ್ಟಾ ಬೂಷ್ಟು ಹಿಡಿದ ಅರೇಬಿಕಾಕ್ಕಿಂತ ಮೇಲು. ಅಂಕ ಕೊಡುವಾಗ ಮಲ್ಲಿಗೆ, ಕಿತ್ತಳೆ ಎಂದು ಯಾರದೋ ಮಾತನ್ನು ಗಿಳಿಪಾಠ ಮಾಡಬೇಕಾಗಿಲ್ಲ. ಹುರಿದ ಕಡಲೆ, ಹಸಿ ಹುಣಸೆ, ಮಳೆ ಬಿದ್ದ ಮಣ್ಣು, ಒಲೆಯ ಹೊಗೆ, ಬೆಲ್ಲದ ಪಾಕ: ನಮ್ಮ ಅಡುಗೆಮನೆಯಲ್ಲಿರುವ ಮಾತು ಸಾಕು.

ಪುಡಿ ಅಂಗಡಿಯ ವರ್ತಕ ಮಿತ್ರರಿಗೂ ಒಂದು ಮಾತು. ಈ ಪರೀಕ್ಷೆಗೆ ನೀವು ಹೆದರಬೇಕಾಗಿಲ್ಲ. ಬಣ್ಣದ ಪೊಟ್ಟಣದ ಜಾಹೀರಾತಿನ ಮುಂದೆ ನಿಮಗಿರುವ ಬಲ ಒಂದೇ: ಗಿರಾಕಿಯ ಕಣ್ಣೆದುರು ಹುರಿದು, ಕಣ್ಣೆದುರು ಬೀಸಿ ಕೊಡುವುದು. ವಾರಕ್ಕೊಂದು ಸಂಜೆ ಅಂಗಡಿಯ ಬಾಗಿಲಲ್ಲೇ ಮೂರು ಲೋಟ ಇಡಿರಿ. ರುಚಿ ಬಲ್ಲ ಗಿರಾಕಿ ಪ್ರಾಮಾಣಿಕ ವರ್ತಕನಿಗೆ ಆಸ್ತಿ, ಕಳ್ಳ ವರ್ತಕನಿಗೆ ಮಾತ್ರ ವೈರಿ.

ಕೆಲಸಗಾರನ ಕೈಗೆ ಕಾಫಿಯ ವಹಿವಾಟು ಬಂದರೆ ಕೆಟ್ಟುಹೋಗುತ್ತದೆ ಎನ್ನುವವರಿಗೆ 1957ನ್ನು ನೆನಪಿಸುತ್ತೇವೆ. ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಬೀದಿಗೆ ಬಿದ್ದ ನೌಕರರು ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘಗಳನ್ನು ಕಟ್ಟಿದರು. ಆ ವರ್ಷದ ಆಗಸ್ಟಿನಲ್ಲಿ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಲೋಟ ತೊಳೆದವರೇ ಮಾಲೀಕರಾದರು. ಕಾಫಿ ಕೆಡಲಿಲ್ಲ.

ನಮ್ಮ ಬೇಡಿಕೆಗಳು ಚಿಕ್ಕವು. ಆರಿಸಿ ಕೊಯ್ಯುವ ಕೆಲಸಕ್ಕೆ ಬೇರೆ, ಹೆಚ್ಚಿನ ದರ ಗೊತ್ತುಮಾಡಬೇಕು. ಪೊಟ್ಟಣದ ಮೇಲೆ ಚಿಕೋರಿಯ ಪಾಲನ್ನೂ ಅರೇಬಿಕಾ, ರೋಬಸ್ಟಾಗಳ ಪಾಲನ್ನೂ ಕನ್ನಡದಲ್ಲಿ, ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚುಹಾಕಬೇಕು. ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ. ರುಚಿ ನೋಡುವ ತರಬೇತಿಯನ್ನು ಬೋರ್ಡು ಹಣ ತೆತ್ತವರಿಗೆ ಬೆಂಗಳೂರಿನಲ್ಲಿ ಕೊಟ್ಟರೆ ಸಾಲದು, ಸಣ್ಣ ಬೆಳೆಗಾರನಿಗೂ ಕೊಯ್ಲಿನವರಿಗೂ ಕೊಡಗಿನಲ್ಲೇ, ಕನ್ನಡದಲ್ಲೇ, ಬಿಟ್ಟಿಯಾಗಿ ಕಲಿಸಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಬರುವ ಭಾನುವಾರ ಮೂರು ಲೋಟ ತೊಳೆದಿಡಿ. ಲೈನಿನಿಂದ ಒಬ್ಬರನ್ನು, ಪುಡಿ ಅಂಗಡಿಯಿಂದ ಒಬ್ಬರನ್ನು ಕರೆಯಿರಿ. ಮೊದಲ ಚಮಚ ಹಣ್ಣು ಕೊಯ್ದವರ ಕೈಗೆ ಕೊಡಿರಿ.