ಗಿಡದ ಜಾತಕ ಸಾಲದು, ತುಕ್ಕಿನದೂ ಬೇಕು

ಅರೇಬಿಕಾ ಕಾಫಿಯ ಜೀನೋಮನ್ನು ವಿವರವಾಗಿ ಓದಿದ ವರದಿಯೊಂದು 2024ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಬಂತು. ಸುಮಾರು 6 ಲಕ್ಷ ವರ್ಷಗಳ ಹಿಂದೆ ರೊಬಸ್ಟಾ ಮತ್ತು ಯುಜೆನಿಯಾಯ್ಡಿಸ್ ಎಂಬ ಎರಡು ಕಾಡು ಕಾಫಿಗಳು ತಾವಾಗಿಯೇ ಕೂಡಿ ಅರೇಬಿಕಾ ಹುಟ್ಟಿತಂತೆ. ಮಾಟುಂಗದಲ್ಲೋ ಮೈಲಾಪುರದಲ್ಲೋ ಕೂತು ಫಿಲ್ಟರ್ ಕಾಫಿ ಕುಡಿಯುವ ನಮಗೆ ಅದೊಂದು ಸೊಗಸಾದ ಕಥೆ. ಮಲೆನಾಡಿನ ಬೆಳೆಗಾರನಿಗೆ ಬೇಕಾದದ್ದು ಅದೇ ವರದಿಯ ಇನ್ನೊಂದು ಭಾಗ. ಎಲೆ ತುಕ್ಕು ರೋಗವನ್ನು ತಡೆಯುವ ಗುಣ ಟಿಮೋರ್ ಹೈಬ್ರಿಡ್ ಮೂಲದ ತಳಿಗಳ ಜೀನೋಮಿನಲ್ಲಿ ಎಲ್ಲಿ ಅಡಗಿರಬಹುದು ಎಂಬುದರ ಸುಳಿವು ಅಲ್ಲಿದೆ.

ಸುಳಿವು ಸಿಕ್ಕಿತು, ಇನ್ನು ತುಕ್ಕಿನ ಕಾಟ ಮುಗಿಯಿತು ಎನ್ನುವವರನ್ನು ಮಾತ್ರ ನಾನು ನಂಬುವುದಿಲ್ಲ. ಆ ಮಾತನ್ನು ನಮ್ಮ ಘಟ್ಟ ಹಿಂದೆಯೂ ಕೇಳಿದೆ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ತುಕ್ಕು ಅಲ್ಲಿನ ಕಾಫಿಯನ್ನು ಕಾಲಕ್ರಮೇಣ ನೆಲಕಚ್ಚಿಸಿ ಚಹಾಕ್ಕೆ ಜಾಗ ಮಾಡಿಕೊಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮಲ್ಲಿಗೂ ಬಂತು. ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ಪ್ಲಾಂಟರ್ ತುಕ್ಕು ಹತ್ತದ ಒಂದು ಗಿಡವನ್ನು ಆರಿಸಿ, ಅದರ ಬೀಜ ಎಲ್ಲೆಡೆ ಹರಡಿತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ಏಕೆಂದು ತೋರಿಸಿದವರು, 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿ ಮೇನ್. ತುಕ್ಕು ಒಂದೇ ಅಲ್ಲ, ಅದರಲ್ಲಿ ಬಗೆಗಳಿವೆ; ಕೆಂಟ್ ಗಿಡ ಒಂದು ಬಗೆಗೆ ಜಗ್ಗದಿದ್ದರೂ ಇನ್ನೊಂದಕ್ಕೆ ಬಲಿಯಾಗುತ್ತದೆ ಎಂದು 1930ರ ದಶಕದಲ್ಲಿ ಅವರು ಕಂಡುಕೊಂಡರು. ಜಗತ್ತು ಈ ಪಾಠ ಕಲಿತದ್ದು ಚಿಕ್ಕಮಗಳೂರು ಜಿಲ್ಲೆಯಿಂದ. ಇಂದು ಗುರುತಾಗಿರುವ ಬಗೆಗಳು 50ಕ್ಕೂ ಹೆಚ್ಚು.

ಆಮೇಲೆ ಬಂದದ್ದು ಎಸ್. 795. ಲೈಬೀರಿಕಾ ಕಾಫಿಯ ಅಂಶವಿದ್ದ ಗಿಡವನ್ನು ಕೆಂಟ್‌ನೊಂದಿಗೆ ಕೂಡಿಸಿ 1940ರ ದಶಕದಲ್ಲಿ ಕೊಟ್ಟ ತಳಿ. ರುಚಿಯಿಂದಾಗಿ ಇಂದಿಗೂ ಪ್ಲಾಂಟರುಗಳು ಬಿಡದ ಗಿಡ ಅದು, ತುಕ್ಕು ಬಂದರೂ. ನಂತರ ಟಿಮೋರ್ ಹೈಬ್ರಿಡ್ ರಕ್ತದ ಕಾವೇರಿ ಬಂತು, 2007ರಲ್ಲಿ ಚಂದ್ರಗಿರಿ. ಕಾವೇರಿಯ ಶಕ್ತಿ ಬಹುಬೇಗ ಕುಂದಿತು. ಹೊಂಡುರಾಸ್ ದೇಶ ತನ್ನ ಲೆಂಪಿರಾ ತಳಿಯನ್ನು ನೆಚ್ಚಿಕೊಂಡು ಬೆಟ್ಟಗಳನ್ನೇ ತುಂಬಿಸಿತ್ತು. 2017ರಲ್ಲಿ ಅದೂ ತುಕ್ಕಿಗೆ ಸೋತದ್ದನ್ನು ಅಲ್ಲಿನ ಕಾಫಿ ಸಂಸ್ಥೆಯೇ ಒಪ್ಪಿಕೊಳ್ಳಬೇಕಾಯಿತು.

ಹಾಗಾದರೆ ಜೀನ್ ಓದುವುದರಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಜಾಹೀರಾತಿನಲ್ಲಿ ಹೇಳುವಂಥದ್ದಲ್ಲ. ಕಾಫಿ ಗಿಡದಲ್ಲಿ ತುಕ್ಕು ತಡೆಯುವ ಕನಿಷ್ಠ 9 ಜೀನುಗಳನ್ನು ಹೆಸರಿಸಿದ್ದಾರೆ. ಒಂದೇ ಜೀನ್ ಇರುವ ಗಿಡವನ್ನು ಶಿಲೀಂಧ್ರ ಒಂದೇ ಬದಲಾವಣೆಯಿಂದ ದಾಟಬಹುದು. ಎರಡು, ಮೂರು ಜೀನುಗಳು ಒಟ್ಟಿಗಿದ್ದರೆ ಅದಕ್ಕೆ ಅಷ್ಟೂ ಬೀಗದ ಕೈ ಒಮ್ಮೆಲೇ ಬೇಕು. ತೊಂದರೆ ಏನೆಂದರೆ, ಒಂದು ಜೀನಿರುವ ಸಸಿಯೂ ಮೂರು ಜೀನಿರುವ ಸಸಿಯೂ ಇವತ್ತಿನ ತುಕ್ಕಿನೆದುರು ಒಂದೇ ಥರ ಹಸಿರಾಗಿ ನಿಂತಿರುತ್ತವೆ. ಎಲೆಗೆ ತುಕ್ಕಿನ ಪುಡಿ ಹಚ್ಚಿ ಎಷ್ಟು ಕಾದರೂ ಎರಡನ್ನೂ ಬೇರೆ ಮಾಡಲಾಗದು. ಎಲೆಯ ಚೂರಿನಿಂದ ಡಿಎನ್‌ಎ ತೆಗೆದು ನೋಡಿದರೆ ನರ್ಸರಿಯ ಬುಟ್ಟಿಯಲ್ಲಿರುವಾಗಲೇ ಗೊತ್ತಾಗುತ್ತದೆ. ಒಂದು ತಳಿ ಹೊರಬರಲು 20 ವರ್ಷಕ್ಕೂ ಹೆಚ್ಚು ಹಿಡಿಯುವ ಬೆಳೆಯಲ್ಲಿ ಇದು ಸಣ್ಣ ಲಾಭವಲ್ಲ. ರೊಬಸ್ಟಾದಿಂದ ಬಂದ ಜೀನಿನ ಜೊತೆ ಅದರ ಒರಟು ರುಚಿ ಎಷ್ಟು ಅಂಟಿಕೊಂಡು ಬಂದಿದೆ ಎಂಬುದನ್ನೂ ಹುಡುಕಿ ಕತ್ತರಿಸಲು ಇದೇ ಓದು ಬೇಕು.

ಆದರೆ ಈ ಓದಿನ ಅರ್ಧ ಭಾಗವನ್ನು ನಾವು ಗಿಡದ ಮೇಲೆ ಮಾತ್ರ ಖರ್ಚು ಮಾಡಿದರೆ ಕೆಂಟ್ ಕಥೆಯೇ ಮತ್ತೆ ಆಗುತ್ತದೆ ಎಂಬುದು ನನ್ನ ತಕರಾರು. ಓಡುತ್ತಿರುವವನು ತುಕ್ಕು, ಗಿಡ ನಿಂತಲ್ಲೇ ಇದೆ. ಅದರ ಜೀನೋಮ್ ಶಿಲೀಂಧ್ರಗಳ ಮಟ್ಟಿಗೆ ಬಲು ದೊಡ್ಡದು, ತಟ್ಟೆಯಲ್ಲಿ ಬೆಳೆಸಲೂ ಬಾರದು, ಜೀವಂತ ಕಾಫಿ ಎಲೆಯೇ ಬೇಕು. ಕಷ್ಟ ಎಂದು ಬಿಡುವಂತಿಲ್ಲ. ಗೋಧಿಯ ತುಕ್ಕಿನ ಬಗೆಗಳನ್ನು ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರ ದಶಕಗಳಿಂದ ದೇಶದ ನಾನಾ ಕಡೆಯ ಎಲೆ ತರಿಸಿ ನೋಡುತ್ತ ಬಂದಿದೆ. ಯಾವ ಹೊಸ ಬಗೆ ಎಲ್ಲಿ ತಲೆಯೆತ್ತಿದೆ ಎಂಬುದು ಗೋಧಿ ತಳಿಗಾರರಿಗೆ ತಿಳಿಯುತ್ತದೆ. ಕಾಫಿಗೂ ಅಂಥದ್ದು ಬೇಕು: ಕೊಡಗು, ಹಾಸನ, ಚಿಕ್ಕಮಗಳೂರು, ವಯನಾಡು, ಶೆವರಾಯ್, ಅರಕು, ಪ್ರತಿ ಕಡೆಯಿಂದಲೂ ಪ್ರತಿ ವರ್ಷ ತುಕ್ಕು ಹಿಡಿದ ಎಲೆ ಸಂಗ್ರಹಿಸಿ, ಡಿಎನ್‌ಎ ಓದಿ, ಫಲಿತಾಂಶವನ್ನು ಕನ್ನಡ, ಮಲಯಾಳಂ, ತಮಿಳು, ತೆಲುಗಿನಲ್ಲಿ ಬೆಳೆಗಾರರಿಗೆ ಹೇಳಬೇಕು. ತನ್ನ ಹೋಬಳಿಗೆ ಹೊಸ ಬಗೆ ಬಂದಿದೆ ಎಂದು ಗೊತ್ತಾದವನು ಮುಂಗಾರಿಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುವುದನ್ನು ತಪ್ಪಿಸಲಾರ.

‘ಅರೇಬಿಕಾ ಬಿಟ್ಟು ರೊಬಸ್ಟಾ ಹಾಕಿದರಾಯ್ತಲ್ಲ’ ಎನ್ನುವವರಿದ್ದಾರೆ. ಈಗಾಗಲೇ ನಮ್ಮ ದೇಶದ ಕಾಫಿಯಲ್ಲಿ ಸುಮಾರು 70ರಷ್ಟು ಪಾಲು ರೊಬಸ್ಟಾದ್ದೇ. ತುಕ್ಕಷ್ಟೇ ಅಲ್ಲ, ಬಿಳಿ ಕಾಂಡಕೊರಕ ಹುಳುವೂ ಜನರನ್ನು ಆ ಕಡೆ ತಳ್ಳಿದೆ. ಬೆಳೆಗಾರನನ್ನು ಇದಕ್ಕಾಗಿ ದೂರಲು ನನಗೆ ಬಾಯಿ ಬರುವುದಿಲ್ಲ. ಸಾಲ ಅವನದು, ರುಚಿ ನಮ್ಮದು. ಆದರೆ ಎತ್ತರದ ನೆರಳಿನ ತೋಟಗಳಲ್ಲಿ ಅರೇಬಿಕಾ ಹೋದರೆ ಹಳೆಯ ಎಸ್. 795 ಸಾಲುಗಳೂ ಕೊಡಲಿಗೆ ಸಿಗುತ್ತವೆ, ಅವುಗಳೊಳಗಿನ ಲೈಬೀರಿಕಾ ತುಣುಕುಗಳೂ ಹೋಗುತ್ತವೆ. ಹಾಳೆಯ ಮೇಲಿನ ಅಕ್ಷರಗಳಿಂದ ಮತ್ತೆ ಗಿಡ ಹುಟ್ಟುವುದಿಲ್ಲ.

ಇನ್ನೊಂದು ಕೆಲಸ ಇನ್ನೂ ಸುಲಭ. ಅರೇಬಿಕಾ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ ಸ್ವಲ್ಪ ಪಾಲು ಪಕ್ಕದ ಗಿಡದಿಂದ ಬೆರೆಯುತ್ತದೆ. ಪಕ್ಕದ ತೋಟದಿಂದ ‘ಚಂದ್ರಗಿರಿ’ ಎಂದು ತಂದ ಬೀಜ ಚಂದ್ರಗಿರಿಯೇ ಆಗಿರಬೇಕೆಂದೇನಿಲ್ಲ. ಗಿಡ ಫಸಲು ಕೊಡುವ ಹೊತ್ತಿಗೆ ಮೂರ್ನಾಲ್ಕು ವರ್ಷ ಕಳೆದಿರುತ್ತದೆ, ತುಕ್ಕು ಬಂದಾಗ ಬೈಗುಳ ಮಾತ್ರ ತಳಿಗೆ. ಸಸಿ ಮಾರುವ ಪ್ರತಿ ನರ್ಸರಿಯೂ ತನ್ನ ತಾಯಿ ಗಿಡಗಳ ಎಲೆಯನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿ, ಬಂದ ಚೀಟಿಯನ್ನು ಸಸಿಯ ಜೊತೆ ಕೊಡಬೇಕು. ಪರೀಕ್ಷೆಯ ಖರ್ಚನ್ನು ಕಾಫಿ ಬೋರ್ಡ್ ಹೊರಲಿ.