ಮೊದಲು ಈಜು, ಆಮೇಲೆ ಓಟ



ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ವಿದೇಶಕ್ಕೆ ಹೋಗಿ ‘ಐರನ್‌ಮ್ಯಾನ್’ ಎಂಬ ದೀರ್ಘ ಸ್ಪರ್ಧೆಯಲ್ಲಿ ಭಾಗವಹಿಸಲು ಸಿದ್ಧತೆ ನಡೆಸಿದ್ದಾನೆ. “ಸೈಕಲ್ಲು ಬಂತು, ಓಟವೂ ಬಂತು ಮೇಷ್ಟ್ರೇ, ನೀರೊಂದೇ ಒಲಿಯುತ್ತಿಲ್ಲ” ಎಂದು ದೂರವಾಣಿಯಲ್ಲಿ ಹೇಳಿದ. ಈ ಕೊರತೆ ಅವನೊಬ್ಬನದಲ್ಲ, ನಮ್ಮ ಸೀಮೆಯದೇ ಎಂಬುದು ನನ್ನ ಅಭಿಪ್ರಾಯ.

ಈ ಸ್ಪರ್ಧೆಯನ್ನು ಅರಿಯದ ಬಂಧುಗಳಿಗಾಗಿ ಎರಡು ಮಾತು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ ಸವಾರಿ, 42.2 ಕಿ.ಮೀ. ಓಟ, ಇವಿಷ್ಟನ್ನೂ ಒಂದೇ ದಿನ ಒಂದರ ಬೆನ್ನಿಗೊಂದರಂತೆ ಮುಗಿಸಬೇಕು. 1978ರಲ್ಲಿ ಹವಾಯಿ ದ್ವೀಪದಲ್ಲಿ ಇದು ಮೊದಲ ಬಾರಿಗೆ ನಡೆದಾಗ ಹೊರಟವರು 15 ಮಂದಿ, ಗುರಿ ಮುಟ್ಟಿದವರು 12 ಮಂದಿ. ನಮ್ಮ ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು ಅವರು 2022ರ ಜೂನ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಹೋಗಿ ಇದನ್ನು 13 ಗಂಟೆ 26 ನಿಮಿಷಗಳಲ್ಲಿ ಪೂರೈಸಿದರು. ಬೆಂಗಳೂರಿನ ಅನು ವೈದ್ಯನಾಥನ್ ಅವರಂತೂ 2009ರಲ್ಲೇ ಕೆನಡಾದಲ್ಲಿ ಇದಕ್ಕಿಂತ ಕಠಿಣವಾದ, 3 ದಿನಗಳ ‘ಅಲ್ಟ್ರಾಮ್ಯಾನ್’ ಮುಗಿಸಿದ್ದರು. ಅಲ್ಲಿ ಈಜೇ 10 ಕಿ.ಮೀ.!

“ಇದೆಲ್ಲ ಉಳ್ಳವರ ಹವ್ಯಾಸ. ನಮ್ಮ ರೈತ ದಿನವೂ ಐರನ್‌ಮ್ಯಾನೇ ಅಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಪ್ರವೇಶ ಶುಲ್ಕ, ವಿಮಾನದ ಖರ್ಚು, ಸೈಕಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಸಾಗಿಸುವ ಖರ್ಚು, ಇವು ಬಡವರ ಕೈಗೆಟುಕುವಂಥವಲ್ಲ ಎಂಬುದು ನಿಜ. ಆದರೆ ದುಡಿಮೆಯನ್ನೂ ಅಭ್ಯಾಸವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತರವಲ್ಲ. ನಮ್ಮ ಟೊಮೆಟೊ ಬೆಳೆಗಾರ ಮೈ ನೋಯುತ್ತದೆಂದು ಕೊಯ್ಲನ್ನು ಮುಂದೂಡಲಾರ. ಅಭ್ಯಾಸಿಯಾದರೋ ವಾರದ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವೇ ದೂರವನ್ನು ಹೆಚ್ಚಿಸುತ್ತಾನೆ, ನಡುವೆ ವಿಶ್ರಾಂತಿಯನ್ನೂ ಪಡೆಯುತ್ತಾನೆ. ರೈತನನ್ನು ಉಕ್ಕಿನ ಮನುಷ್ಯನೆಂದು ಹೊಗಳಿ, ಅವನ ಬೆನ್ನುನೋವನ್ನು ಮರೆಯುವುದು ನನಗೆ ಒಪ್ಪಿಗೆಯಾಗದ ಮಾತು.

ಇನ್ನು ನೀರಿನ ವಿಷಯ. ರಾಯಲ್ಪಾಡಿನ ಸುತ್ತ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಆದರೂ ನಮ್ಮ ತಲೆಮಾರಿನ ಹುಡುಗರು ಈಜು ಬಲ್ಲವರಾಗಿದ್ದರು. ಕಪಿಲೆ ಬಾವಿಗಳಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಅಣ್ಣಂದಿರ ಕಣ್ಣಳತೆಯಲ್ಲಿ ಕಲಿತೆವು. ಹೆಣ್ಣುಮಕ್ಕಳಿಗೆ ಆ ಭಾಗ್ಯ ಅಂದೂ ಇರಲಿಲ್ಲ. ನೀರು ಸೇದಲು, ಬಟ್ಟೆ ಒಗೆಯಲು ಬಾವಿಗೆ ಹೆಚ್ಚಾಗಿ ಹೋಗುತ್ತಿದ್ದವರು ಅವರೇ ಆದರೂ ಈಜು ಕಲಿಸಿದವರಿಲ್ಲ. ಮುಂದೆ ಸಾವಿರ ಅಡಿಗೂ ಆಳಕ್ಕೆ ಕೊಳವೆ ಬಾವಿಗಳು ಇಳಿದವು. ತೆರೆದ ಬಾವಿಗಳು ಬತ್ತಿದವು. ಈಜು ಕಲಿಸುವ ಪರಂಪರೆಯೂ ಅವುಗಳೊಡನೆ ಬತ್ತಿತು.

ನೀರು ಮಾತ್ರ ಬೇರೆ ರೂಪದಲ್ಲಿ ಮರಳಿತು. ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅದು ಅಂತರ್ಜಲ ಹೆಚ್ಚಿಸಲು ಬಂದ ನೀರೇ ಹೊರತು ಮಕ್ಕಳು ಧುಮುಕಲು ಅಲ್ಲ. ತೋಟಗಳಲ್ಲಿ ಕೃಷಿ ಹೊಂಡಗಳು ಬಂದಿವೆ. ಅವುಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರನ್ನು ಉಳಿಸುತ್ತದೆ, ಆದರೆ ಒಳಗೆ ಜಾರಿದ ಮಗುವಿಗೆ ಕಾಲೂರಲು ಬಿಡುವುದಿಲ್ಲ. ಬಾವಿಗಿದ್ದ ಮೆಟ್ಟಿಲು ಹೊಂಡಕ್ಕಿಲ್ಲ. ನೀರಿದೆ, ಈಜು ಬಾರದು. ಇದೇ ನನ್ನ ಆತಂಕ.

ಇದು ನಮ್ಮೊಬ್ಬರ ಚಿಂತೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗು ಸಾವುಗಳ ತಡೆ ದಿನವೆಂದು ಘೋಷಿಸಿತು.

ಹ್ಯಾಂಬರ್ಗಿನಲ್ಲಿ ಸ್ಪರ್ಧಿಗಳು ಈಜುವ ಆಲ್‌ಸ್ಟರ್ ಸರೋವರವೂ ಪ್ರಕೃತಿ ಕೊಟ್ಟದ್ದಲ್ಲ. ಮಧ್ಯಯುಗದಲ್ಲಿ ಹಿಟ್ಟಿನ ಗಿರಣಿಗಾಗಿ ನದಿಗೆ ಕಟ್ಟೆ ಹಾಕಿ ಮಾಡಿದ್ದು, ಎಂದರೆ ನಮ್ಮ ಕೆರೆಯ ದೂರದ ನೆಂಟನೇ! 2018ರಲ್ಲಿ ಅಲ್ಲಿ ಪಾಚಿ ಹಬ್ಬಿದಾಗ ಈಜನ್ನೇ ರದ್ದುಗೊಳಿಸಿ ಬದಲಿಗೆ ಓಟ ಇಟ್ಟರು. ನೀರು ಕೆಟ್ಟರೆ ಮನುಷ್ಯನನ್ನು ಇಳಿಸಬಾರದೆಂಬ ಈ ವಿವೇಕವನ್ನೂ ನಾವು ವಿದೇಶದಿಂದ ತರಬಹುದು. ಪದಕವೊಂದನ್ನೇ ಏಕೆ ತರಬೇಕು?

ಹೊರನಾಡುಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ನೀವು ಓಡಿ, ಈಜಿ, ಹೆಸರು ಗಳಿಸಿ. ನಿಮ್ಮ ಮೇಷ್ಟ್ರಿಗೆ ಅದು ಹೆಮ್ಮೆಯೇ. ಜೊತೆಗೆ ಒಂದು ಕೆಲಸ ಮಾಡಿ. ಒಂದು ಸ್ಪರ್ಧೆಗೆ ನೀವು ವ್ಯಯಿಸುವ ಹಣದ ಒಂದು ಪಾಲನ್ನು ಊರಿನ ಹೊಂಡಗಳ ಸುತ್ತ ಬೇಲಿ ಹಾಕಿಸಲು, ದಡದಲ್ಲಿ ಗಂಟು ಹಾಕಿದ ಹಗ್ಗವನ್ನೂ ಗಾಳಿ ತುಂಬಿದ ಟ್ಯೂಬನ್ನೂ ಇರಿಸಲು ಕೊಡಿ. ಬೇಸಿಗೆ ರಜೆಯಲ್ಲಿ ಹತ್ತು ಮಕ್ಕಳನ್ನು, ಅವರಲ್ಲಿ ಐವರಾದರೂ ಹುಡುಗಿಯರಿರಲಿ, ತರಬೇತುದಾರರಿರುವ ಈಜುಕೊಳಕ್ಕೆ ಕಳುಹಿಸಿ. ಶ್ರೀನಿವಾಸಪುರಕ್ಕೊಂದು ಒಳ್ಳೆಯ ಸಾರ್ವಜನಿಕ ಈಜುಕೊಳ ಬೇಕೆಂದು ನಾವೆಲ್ಲ ಒಕ್ಕೊರಲಿನಿಂದ ಕೇಳೋಣ.

ಮಗ್ಗಿಯನ್ನು ಮರೆತವನು ಇನ್ನೊಮ್ಮೆ ಬಾಯಿಪಾಠ ಮಾಡಬಹುದು. ನೀರು ಆ ಎರಡನೆಯ ಅವಕಾಶವನ್ನು ಕೊಡುವುದಿಲ್ಲ. ಆದ್ದರಿಂದ ಮಕ್ಕಳಿಗೆ ಓದು ಬರಹದಷ್ಟೇ ಅಗತ್ಯವಾಗಿ ಈಜನ್ನೂ ಕಲಿಸೋಣ.